ಕಲ್ಲಿದ್ದಲು ಹಾಕುವ ಸರದಿ

ಸುತ್ತಿ ಸುತ್ತಿ ಮತ್ತೆ ಅದೇ ಜಾಲಿ ಮರದ ಬುಡಕ್ಕೆ ಬಂದಾಗ ದೇವಯಾನಿ ಸೋಲೊಪ್ಪಿಕೊಂಡಳು. ಹೊಳೆಯ ದಡದಲ್ಲಿ ಬಲೆ ಹೊಲಿಯುತ್ತ ಕೂತವನನ್ನು ಕೇಳಿದಳು.

“ಅಣ್ಣಾ, ಶಿವಲಿಂಗವ್ವನ ಆಶ್ರಮಕ್ಕೆ ಯಾವ ಕಡೆ?”

ಅವನು ಅವಳ ಬೆನ್ನಿನ ಚೀಲ ನೋಡಿದ. “ಕೆಟ್ಟಿರೋದು ಕಂಪ್ಯೂಟರೋ, ಮನಸೋ?”

“ಕಂಪ್ಯೂಟರು.”

“ಹಂಗಾದ್ರ ಎಡಕ್ಕ. ಮನಸಾಗಿದ್ರ ಬಲಕ್ಕ ಇನ್ನೊಂದು ಮಠ ಐತಿ. ಅಲ್ಲಿ ಊಟಾನೂ ಚಲೋ.”

ಆಶ್ರಮದಲ್ಲಿ ಅವ್ವ ಕಟ್ಟೆಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ಹಳೆಯ ಶಿಷ್ಯೆಯನ್ನು ಕಂಡು ಸ್ವಲ್ಪ ಸರಿದು ಜಾಗ ಕೊಟ್ಟರು.

“ಇಷ್ಟು ದೇಶ ತಿರುಗಿದವಳಿಗೆ ಈ ದಾರಿ ಸಿಗಲಿಲ್ಲವಾ?”

“ಅಲ್ಲೆಲ್ಲ ಬೋರ್ಡು ಇರ್ತಾವೆ ಅವ್ವಾ.”

ದೇವಯಾನಿ ಲ್ಯಾಪ್‌ಟಾಪ್ ತೆರೆದಳು. ಆಶ್ರಮದ ಕಂಪ್ಯೂಟರುಗಳಂತೆ ಅದರಲ್ಲೂ ವಿಂಡೋಸ್ ಬದಲು ಲಿನಕ್ಸ್. ಹಿಂದೆ ಅವ್ವನೇ ಹಾಕಿಕೊಟ್ಟದ್ದು. ಓಡಬೇಕಾದದ್ದು ವಿಂಡೋಸ್‌ಗೆಂದು ಮಾಡಿದ ಒಂದು ರೈಲಿನ ಆಟ. ನಡುವೆ ಕೂತ ತಂತ್ರಾಂಶವೊಂದು, ಒಂದು ಫೋಲ್ಡರಿನೊಳಗೆ ಪುಟ್ಟ ವಿಂಡೋಸ್ ಇರುವ ಹಾಗೆ ನಟಿಸಿ ಆಟವನ್ನು ನಂಬಿಸುತ್ತಿತ್ತು.

“ಒಂದು ಅಪ್‌ಡೇಟ್ ಬಂತು. ಅವತ್ತಿನಿಂದ ಬರೀ ಕಪ್ಪು ಪರದೆ.”

“ಆಟ ತಾನೇ? ಬಿಟ್ಟುಬಿಡು.”

“ಆಗೋದಿಲ್ಲ. ಜಾರ್ಜಿಯಾದಲ್ಲಿ ಜ್ವರ ಬಂದು ಮಲಗಿದ್ದಾಗ ತಮಾರಾ ಅನ್ನುವವಳು ಗಂಜಿ ಕಾಯಿಸಿ ಕೊಟ್ಟು ನೋಡಿಕೊಂಡಳು. ಆಗ ಇಬ್ಬರೂ ಇದನ್ನೇ ಆಡುತ್ತಿದ್ದೆವು. ಯಾವಾಗಲೂ ರೈಲು ಓಡಿಸೋದು ನಾನು, ಕಲ್ಲಿದ್ದಲು ಹಾಕೋದು ಅವಳು. ಕೊನೆಯ ಓಟದಲ್ಲಿ ನೀನು ಓಡಿಸು, ಕಲ್ಲಿದ್ದಲು ನಾನು ಹಾಕ್ತೀನಿ ಅಂತ ಮಾತು ಕೊಟ್ಟು ಬಂದೆ. ನಾಳೆ ಅವಳು ಹಿಮದ ಬೆಟ್ಟದ ಮೇಲಿನ ಕೆಲಸಕ್ಕೆ ಹೊರಡುತ್ತಾಳೆ. ಅಲ್ಲಿ ಇಂಟರ್‌ನೆಟ್ ಇಲ್ಲ. ಇವತ್ತು ಸಂಜೆ ಆಡಲೇಬೇಕು.”

“ಏನೇನು ಮಾಡಿ ನೋಡಿದೆ?”

“ಎಲ್ಲಾ ಮಾಡಿದೆ.”

ನಿಜವಾಗಿಯೂ ಎಲ್ಲಾ ಮಾಡಿದ್ದಳು. ಇಂಟರ್‌ನೆಟ್ಟಿನಲ್ಲಿ ಕಂಡವರು ಹೇಳಿದ ಸೆಟ್ಟಿಂಗುಗಳು ಒಂದರ ಬಾಲ ಇನ್ನೊಂದು ಹಿಡಿದುಕೊಂಡು ನಿಂತಿದ್ದವು. ಎಲ್ಲೆಲ್ಲಿಂದಲೋ ಇಳಿಸಿಕೊಂಡ ಫೈಲುಗಳು ಆ ಫೋಲ್ಡರಿನ ತುಂಬ.

“ಇದು ಯಾಕೆ?”

“ಬ್ರೆಜಿಲ್‌ನವನೊಬ್ಬ ಹಾಕು ಅಂದ.”

“ಇದು?”

“ಅವನನ್ನು ಬೈದವನೊಬ್ಬ ಹಾಕು ಅಂದ.”

“ಕೆಲಸ ಮಾಡದಿದ್ದಾಗ ತೆಗೆದೆಯಾ?”

“ಇರಲಿ ಅಂತ ಬಿಟ್ಟೆ.”

ಅವ್ವ ಕಾಯಿಯೊಂದನ್ನು ಬಿಡಿಸಿ ಹುಳು ನೋಡಿ ಎಸೆದರು.

“ಆ ಫೋಲ್ಡರನ್ನೇ ಅಳಿಸು. ಹೊಸದು ತಾನಾಗಿ ಹುಟ್ಟುತ್ತದೆ.”

ಕೇಳಿದ್ದೇ ತಡ, ಅವಳ ಬೆರಳು ಕೀಲಿಯ ಕಡೆ ಹೋಯಿತು. ಅವ್ವ ಲ್ಯಾಪ್‌ಟಾಪಿನ ಮುಚ್ಚಳವನ್ನು ಆ ಕೈಯ ಮೇಲೆಯೇ ಮುಚ್ಚಿದರು.

“ಅಯ್ಯೋ, ಕೈ!”

“ಇಷ್ಟು ದಿನ ಆಡಿ ಸೇವ್ ಮಾಡಿದ್ದು ಎಲ್ಲಿದೆ?”

ದೇವಯಾನಿ ಕೈ ಹಿಂದಕ್ಕೆ ಎಳೆದುಕೊಂಡಳು. “ಅದರೊಳಗೇ.”

“ತಮಾರಾ ಕಲ್ಲಿದ್ದಲು ಹಾಕಿ ದಾಟಿಸಿದ ದಾರಿಯೆಲ್ಲ?”

“ಅದೂ ಅದರೊಳಗೇ ಅವ್ವಾ.”

“ಮತ್ತೆ ಅಳಿಸೋಕೆ ಹೊರಟೆಯಲ್ಲ?”

“ನೀವೇ ಹೇಳಿದಿರಿ!”

“ಬ್ರೆಜಿಲ್‌ನವನೂ ಹೇಳಿದ್ದ.”

ಈ ಸಲ ಅವಳು ನಿಧಾನವಾಗಿ ಹುಡುಕಿದಳು. ಸೇವ್ ಮಾಡಿದ ಆಟವನ್ನು ಬೇರೆ ಕಡೆ ಎತ್ತಿಟ್ಟಳು. ಫೋಲ್ಡರ್ ಅಳಿಸಿದಳು. ಬಾಲ ಹಿಡಿದು ನಿಂತ ಸೆಟ್ಟಿಂಗುಗಳನ್ನೆಲ್ಲ ತೆಗೆದಳು. ಆಟ ಶುರು ಮಾಡಿದಳು.

ಕಪ್ಪು ಪರದೆ.

“ಮತ್ತೆ ಅದೇ! ಇನ್ನೊಂದು ಉಪಾಯ ಓದಿದ್ದೆ, ತಡೀರಿ—”

ಅವ್ವ ಅವರೆಕಾಯಿಯ ಮೊರವನ್ನು ಅವಳ ತೊಡೆಯ ಮೇಲೆ ಇಟ್ಟರು. “ಕೈಗೆ ಕೆಲಸ ಬೇಕಾದರೆ ಇದನ್ನು ಬಿಡಿಸು. ಕಣ್ಣಿಂದ ಲಾಗ್ ಓದು.”

ಆಟ ಎಲ್ಲಿ ಎಡವಿತು ಎಂದು ಕಂಪ್ಯೂಟರು ತಾನೇ ಬರೆದಿಡುವ ವರದಿ ಅದು. ಮೊದಲು ಅದರಲ್ಲಿ ಸಂತೆಯ ಗದ್ದಲವಿತ್ತು; ಅವಳು ಓದುವ ಗೋಜಿಗೇ ಹೋಗಿರಲಿಲ್ಲ. ಈಗ ಇದ್ದದ್ದು ಒಂದೇ ದೂರು. ಅಪ್‌ಡೇಟಿನ ಜೊತೆ ಸೇರಿದ, ಆಟದ ಆರಂಭದಲ್ಲಿ ಬರುವ ಹೊಸ ವಿಡಿಯೊ ತೆರೆಯುತ್ತಿಲ್ಲ.

“ಇಷ್ಟು ದಿನ ಒದ್ದಾಡಿದ್ದು ಇದೊಂದಕ್ಕಾ?”

“ಇಷ್ಟು ದಿನ ಇದೊಂದೇ ಇರಲಿಲ್ಲ.”

ದೇವಯಾನಿ ಆ ವಿಡಿಯೊದ ಹೆಸರು ಬದಲಿಸಿದಳು. ಬೇರೇನನ್ನೂ ಮುಟ್ಟಲಿಲ್ಲ. ಆಟಕ್ಕೆ ವಿಡಿಯೊ ಸಿಗಲಿಲ್ಲ. ಅದನ್ನು ಬಿಟ್ಟು ಮುಂದಕ್ಕೆ ಹೋಯಿತು. ಎತ್ತಿಟ್ಟದ್ದನ್ನು ಅದರ ಜಾಗದಲ್ಲಿ ವಾಪಸ್ ಇಟ್ಟಾಗ ಪರದೆಯ ಮೇಲೆ ಅವರ ಹಳೆಯ ರೈಲು ಹೊಗೆ ಬಿಡುತ್ತ ನಿಂತಿತ್ತು.

ಸಂಜೆ ತಮಾರಾ ಜಾರ್ಜಿಯಾದಿಂದಲೇ ಆಟದೊಳಗೆ ಬಂದಳು. ಡ್ರೈವರ್ ಸೀಟಿನಲ್ಲಿ ಕೂತು ಜೋರಾಗಿ ಸೀಟಿ ಹೊಡೆದಳು, ಸುಮ್ಮಸುಮ್ಮನೆ ಇನ್ನೊಮ್ಮೆ ಹೊಡೆದಳು. ದೇವಯಾನಿ ಸನಿಕೆ ಹಿಡಿದಳು. ತುಂಬುವುದು, ತಿರುಗುವುದು, ಒಲೆಗೆ ಹಾಕುವುದು. ನಿಲ್ದಾಣಗಳು ಹಿಂದೆ ಸರಿದವು.

ಅವ್ವ ಪಕ್ಕದಲ್ಲಿ ಕೂತು ನೋಡುತ್ತಿದ್ದರು.

“ಅವ್ವಾ, ಇಳಿಜಾರು ಬರ್ತಾ ಇದೆ. ಅವಳು ಬ್ರೇಕೇ ಹಾಕ್ತಾ ಇಲ್ಲ. ನಾನಾಗಿದ್ದರೆ ಇಷ್ಟೊತ್ತಿಗೆ—”

“ಬೆಂಕಿ ನೋಡು,” ಅಂದರು ಅವ್ವ.