ಒಂದು ಹರಳಿನ ವಯಸ್ಸು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ತಂದೆ ಹಾಸಿಗೆ ಹಿಡಿದಿದ್ದಾರೆ, ಬಂದು ನೋಡು ಎಂದು ಊರಿನಿಂದ ಹೇಳಿಕಳಿಸಿದ್ದಾರೆ. ಚಿಕ್ಕವನಿದ್ದಾಗ ಅವರು ನನ್ನನ್ನು ಹೆಗಲಿನಿಂದ ಇಳಿಸುತ್ತಿರಲಿಲ್ಲ. ಬೆಳೆದ ಮೇಲೆ ಮನೆಯಿಂದ ಹೊರಗೆ ಹಾಕಿದರು. ಎಲ್ಲವನ್ನೂ ಕೂಡಿಸಿ ತೂಗಿ ನೋಡಿದೆ. ಒಟ್ಟಿನಲ್ಲಿ ಅವರು ಒಳ್ಳೆಯವರೂ ಅಲ್ಲ, ಕೆಟ್ಟವರೂ ಅಲ್ಲ. ಅಂಥವರ ಬಳಿಗೆ ಯಾವ ಮನಸ್ಸಿನಿಂದ ಹೋಗಲಿ?"

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು:

ಜಿನದತ್ತನೆಂಬ ಭೂವಿಜ್ಞಾನಿಯಿದ್ದ. ಒಂದು ಬೆಟ್ಟದ ವಯಸ್ಸು ಕಂಡುಹಿಡಿದಿದ್ದ. ಅದರ ಕಲ್ಲಿನಲ್ಲಿ ಜಿರ್ಕಾನ್ ಎಂಬ ಸಣ್ಣ ಹರಳುಗಳಿರುತ್ತವೆ. ಅವುಗಳೊಳಗಿನ ಯುರೇನಿಯಂ ಬಹಳ ನಿಧಾನವಾಗಿ ಸೀಸವಾಗುತ್ತ ಹೋಗುತ್ತದೆ. ಎಷ್ಟು ಸೀಸವಾಗಿದೆ ಎಂದು ಅಳೆದರೆ ಹರಳಿನ ವಯಸ್ಸು ತಿಳಿಯುತ್ತದೆ. ಜಿನದತ್ತ ಒಂದು ಹಿಡಿ ಹರಳುಗಳನ್ನು ಆಮ್ಲದಲ್ಲಿ ಕರಗಿಸಿ ಅಳೆದ. ಇನ್ನೂರ ತೊಂಬತ್ತು ಕೋಟಿ ವರ್ಷ ಎಂದು ಬಂತು. ವರ್ಷಗಟ್ಟಲೆ ಅದನ್ನೇ ಪಾಠ ಮಾಡಿದ.

ಅವನ ಹೆಂಡತಿ ಸುನಂದೆಯದೂ ಅದೇ ವಿದ್ಯೆ. ಅವಳಿದ್ದ ಪ್ರಯೋಗಾಲಯಕ್ಕೆ ಅಯಾನ್ ಮೈಕ್ರೋಪ್ರೋಬ್ ಎಂಬ ಹೊಸ ಯಂತ್ರ ಬಂತು. ಅದು ಹರಳನ್ನು ಕರಗಿಸುವುದಿಲ್ಲ. ಕೂದಲಿಗಿಂತ ಸಣ್ಣ ಕಿರಣ ಬಿಟ್ಟು, ಬೇಕಾದ ಒಂದು ಚುಕ್ಕೆಯಿಂದ ಮಾತ್ರ ಕಣಗಳನ್ನು ಎಬ್ಬಿಸಿ ಎಣಿಸುತ್ತದೆ. ಸುನಂದೆ ಗಂಡ ಆ ಬೆಟ್ಟದಿಂದ ತಂದಿದ್ದ ಕಲ್ಲಿನ ಹರಳೊಂದನ್ನೇ ಅದರಲ್ಲಿಟ್ಟಳು.

ಬಂದ ಉತ್ತರ ನೋಡಿ ಅವಳಿಗೆ ಸಂಕಟವಾಯಿತು. ಮುಚ್ಚಿಡಬಹುದಿತ್ತು. ಮುಚ್ಚಿಟ್ಟು ಅವನೆದುರು ಕೂತು ಉಣ್ಣುವುದು ಅವಳಿಂದಾಗಲಿಲ್ಲ. ಹೇಳಿಬಿಟ್ಟಳು. ಜಿನದತ್ತ ಎಲೆ ಮುಂದಿನಿಂದ ಎದ್ದುಹೋದ. ಬೆಳಗಾದ ಮೇಲೆ ತಾನೇ ಬಂದು, "ಎಲ್ಲಿ, ತೋರಿಸು" ಎಂದ.

ಅವಳು ಹರಳಿನ ಚಿತ್ರ ತೋರಿಸಿದಳು. ನಡುವೆ ಒಂದು ತಿರುಳು, ಅದರ ಸುತ್ತ ಸಿಪ್ಪೆಯಂತೆ ಇನ್ನೊಂದು ಪದರ.

"ತಿರುಳು ಹುಟ್ಟಿದ್ದು ಮುನ್ನೂರ ಮೂವತ್ತು ಕೋಟಿ ವರ್ಷಗಳ ಹಿಂದೆ. ಆಮೇಲೆ ಭೂಮಿಯೊಳಗೆ ಮತ್ತೆ ಬೆಂದಿದೆ. ಆಗ ಈ ಸಿಪ್ಪೆ ಬೆಳೆಯಿತು. ಅದಕ್ಕೆ ಇನ್ನೂರೈವತ್ತು ಕೋಟಿ."

"ಹಾಗಾದರೆ ಇನ್ನೂರ ತೊಂಬತ್ತು ಕೋಟಿ ವರ್ಷಗಳ ಹಿಂದೆ ಏನಾಯಿತು?"

ಸುನಂದೆ ಅವನ ಕೈ ಹಿಡಿದುಕೊಂಡಳು. "ಏನೂ ಆಗಲಿಲ್ಲ ರೀ. ನೀವು ಎರಡನ್ನೂ ಒಟ್ಟಿಗೆ ಕರಗಿಸಿದ್ದಿರಿ."

ಜಿನದತ್ತ ಆ ಚಿತ್ರವನ್ನು ಹತ್ತಿರಕ್ಕೆ ಎಳೆದುಕೊಂಡು ಮತ್ತೆ ನೋಡಿದ. ಕೊನೆಗೆ ನಕ್ಕುಬಿಟ್ಟ. "ಇಷ್ಟು ವರ್ಷ ಜೊತೆಗಿದ್ದೂ ಇದು ಬೆಂದದ್ದು ನನಗೆ ಗೊತ್ತೇ ಆಗಲಿಲ್ಲವಲ್ಲೇ" ಎಂದ. ಅಂದೇ ತರಗತಿಗೆ ಹೋಗಿ ವಿದ್ಯಾರ್ಥಿಗಳಿಗೆ ಎರಡೂ ವಯಸ್ಸನ್ನು ಹೇಳಿದ, ಕಂಡುಹಿಡಿದವಳ ಹೆಸರನ್ನೂ ಹೇಳಿದ.

ಕತೆ ಮುಗಿಯಿತು. ಶಿಷ್ಯ ಇನ್ನೂ ಕಾಯುತ್ತಿದ್ದ. ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟರು.

"ನೀನು ಕೂಡಿಸಿ ತೂಗಿ ನೋಡಿದ ಆ ತಂದೆ ಎಂದೂ ಇರಲೇ ಇಲ್ಲವಪ್ಪ."