ಬಿಚ್ಚುಬಾವುಟದ ಗುಡ್ಡ

ಕಣಜಳ್ಳಿ ಕೋಟೆ ಹತ್ರ ಬಸ್ಸಿಳಿದು ತಲೆ ಎತ್ತಿದ್ರೆ ಕಾಣೋದೇ ಆ ಬೋಳುಗುಡ್ಡ. ಕೆಳಗೆ ಈ ಕಡೆ ಕೋಟೆಕೇರಿ, ಆ ಕಡೆ ಕುರಿಯೋರ ಹಟ್ಟಿ, ಮಧ್ಯೆ ಗುಡ್ಡ. ದಾರಿ ಬಾಯಲ್ಲಿ ಯಾರೋ ಪುಣ್ಯಾತ್ಮರು ‘ವಿಜಯಧ್ವಜಗಿರಿ’ ಅಂತ ಹಳದಿ ಬೋರ್ಡು ಹಾಕ್ಸವ್ರೆ. ಯಾವ ವಿಜಯವೋ, ಯಾರನ್ನ ಗೆದ್ದಿದ್ದೋ, ಬರೆಸಿದೋರನ್ನೇ ಕೇಳಬೇಕು. ಊರೋರ ಬಾಯಲ್ಲಿ ಅದು ಹಿಂದಿನಿಂದ್ಲೂ ಬಿಚ್ಚುಬಾವುಟದ ಗುಡ್ಡ. ಆ ಹೆಸರು ಯಾಕೆ ಬಂತು ಅಂದ್ರೆ ಎರಡು ಕೇರಿಯೋರೂ ಮೊದಲು ಆ ಕಡೆ ಈ ಕಡೆ ನೋಡಿ, ಕೇಳ್ತಿರೋರು ಯಾರ ಪೈಕಿ ಅಂತ ವಿಚಾರಿಸ್ಕೊಂಡೇ ಬಾಯಿ ಬಿಡ್ತಾರೆ.

ಹಿಂದೆ ಯಾವ ಕಾಲದಲ್ಲೋ ಈ ಸೀಮೆಗೆ ಹಾಲಪ್ಪನಾಯಕ ಅನ್ನೋನು ಒಡೆಯ ಆಗಿದ್ನಂತೆ. ಸೀಮೆಗೆ ಅಂತ ಒಂದು ಬಾವುಟ ಇತ್ತು. ಅಂಥಾ ಬಾವುಟ ಬೇರೆ ಕಡೆ ಇರ್ಲಿಲ್ಲ ಅಂತಾರೆ. ಒಂದು ಮಗ್ಗುಲು ಕೆಮ್ಮಣ್ಣಲ್ಲಿ ಅದ್ದಿದ ನೂಲಿನ ಬಟ್ಟೆ, ಅದು ಹೊಲ ಉಳೋ ಕೋಟೆಯೋರದ್ದು. ಇನ್ನೊಂದು ಮಗ್ಗುಲು ಕರೀ ಕಂಬಳಿ, ಅದು ಹಟ್ಟಿಯೋರದ್ದು. ಎರಡರ ಮೇಲೂ ಗೊರಸು ಎತ್ತಿ ನಿಂತ ಹೋರಿ. ಎರಡನ್ನೂ ಬೆನ್ನಿಗೆ ಬೆನ್ನು ಕೊಟ್ಟು ಸುತ್ತ ಹೊಲಿದ್ರೆ, ಎತ್ತ ಕಡೆಯಿಂದ ನೋಡಿದ್ರೂ ಬಾವುಟಕ್ಕೆ ಹಿಂಬದಿ ಅನ್ನೋದೇ ಇಲ್ಲ. ಇವರ ದಾರದ ಗಂಟು ಅವರ ಕಡೆಗೆ, ಅವರ ಗಂಟು ಇವರ ಕಡೆಗೆ, ಎಲ್ಲಾ ಒಳಗೇ ಮುಚ್ಕೊಂಡಿರಬೇಕು. ಅದೇ ಸೀಮೆಯ ಒಗ್ಗಟ್ಟು ಅನ್ನೋರು. ವರ್ಷಾವರ್ಷ ಮಾರ್ನೋಮಿಗೆ ಹೊಸದು ಏರಿಸೋದು. ಹೊಲಿಗೆ ಶುರು ಮಾಡೋದು ಕೋಟೆ ಹೆಂಗಸು, ಮುಗಿಸಿ ಗಂಟು ಹಾಕೋದು ಹಟ್ಟಿ ಹೆಂಗಸು. ಬೇರೆ ಯಾರೂ ಆ ಸೂಜಿ ಮುಟ್ಟಂಗಿಲ್ಲ.

ಕೋಟೆ ಕಡೆ ಸೂಜಿ ಸಿಂಪಿಗರ ಕೆಂಚವ್ವಂದು. ಹಟ್ಟಿ ಕಡೆ ನಿಂಗವ್ವಂದು. ಕೆಂಚವ್ವ ತನ್ನ ಒಬ್ಬಳೇ ಮಗಳು ಸುಂಕವ್ವನ್ನ ನಿಂಗವ್ವನ ಮಗನಿಗೇ ಕೊಟ್ಟಿದ್ಲು. ಮಗಳಿಗೆ ಏಳು ತಿಂಗಳಾಗಿತ್ತು. ಮಾರ್ನೋಮಿ ಕಳೆದ ಮೇಲೆ ಚೊಚ್ಚಲ ಬಾಣಂತನಕ್ಕೆ ತೌರಿಗೆ ಕರ್ಕೊಂಡು ಬರೋದು ಅಂತ ಮಾತಾಗಿತ್ತು. ಕೆಂಚವ್ವ ಅದೊಂದನ್ನೇ ಕಾಯ್ತಿದ್ಲು. ಕಾಯ್ತಾ ಕಾಯ್ತಾ ಅನುಮಾನಾನೂ ಸಾಕ್ಕೊಂಡಿದ್ಲು. ಪಂಚಮಿಗೆ ಯಾಕೆ ಕಳಿಸ್ಲಿಲ್ಲ? ದಾರಿ ಕೆಸರು ಅಂದ್ರು. ಕೆಸರು ಹಟ್ಟಿಯೋರ ಕಾಲಿಗೆ ಅಂಟಲ್ವಾ? ಆ ವರ್ಷ ಬಾವುಟ ಹೊಲಿಯೋವಾಗ ಕಂಬಳಿ ಒಂದು ಮೂಲೇಲಿ ಬೆರಳಿಗೆ ಗಂಟಿನ ಥರ ಏನೋ ಸಿಕ್ತು. ಕೆಂಚವ್ವ ಬೀಗಿತಿ ಮುಖ ನೋಡಿದ್ಲು. ನಿಂಗವ್ವ ನಕ್ಕಳು. ಆ ನಗುನೂ ಕೆಂಚವ್ವ ಮನಸ್ಸಲ್ಲಿ ಎತ್ತಿಟ್ಕೊಂಡ್ಲು.

ಬಾವುಟ ಏರಿಸಿದ ದಿನ ತುಂತುರು ಹನಿ. ಗಾಳಿ ಬೀಸ್ತಾನೇ ಇತ್ತು, ಬಾವುಟ ಮಾತ್ರ ಹಾರ್ಲಿಲ್ಲ. ಒದ್ದೆ ಕೋಳಿ ಥರ ಕಂಬಕ್ಕೆ ಮುದುರಿಕೊಂಡು ನಿಂತು ಬಿಡ್ತು. ಮಾರನೇ ದಿನಾನೂ ಅದೇ. ಕೋಟೆ ಬಾವಿಕಟ್ಟೆ ಮೇಲೆ ಕೊಡಕ್ಕಿಂತ ಜಾಸ್ತಿ ಮಾತು ತುಂಬ್ತು. “ಕೆಂಚಕ್ಕಾ, ನಿನ್ನ ಬೀಗಿತಿ ಒಳಗೆ ಮದ್ದು ಇಟ್ಟು ಹೊಲಿದವ್ಳೆ ನೋಡು. ಮೊದಲು ನಿನ್ನ ಮಗಳು, ಆಮೇಲೆ ಸೀಮೆ!” ಅಂದ್ಲು ಒಬ್ಬಳು. ಕೆಂಚವ್ವ ಕೊಡ ಅಲ್ಲೇ ಬಿಟ್ಟು ಕತ್ತರಿ ಸೊಂಟಕ್ಕೆ ಸಿಗಿಸ್ಕೊಂಡು ಗುಡ್ಡ ಹತ್ತಿದ್ಲು. ಹಾಲಪ್ಪನಾಯಕ “ಒಣಗಲಿ ತಾಯಿ, ಎರಡು ದಿನ ತಡಿ” ಅಂದ. ಅವಳು ತಡೀಲಿಲ್ಲ. ಬಾವುಟ ಇಳಿಸಿ, ಎರಡು ಕೇರಿ ಜನದ ಎದುರಿಗೇ ಮೂರು ಕಡೆ ಹೊಲಿಗೆ ಚರಚರ ಬಿಚ್ಚಿದ್ಲು.

ಒಳಗೆ ಯಂತ್ರ ಇಲ್ಲ, ಮದ್ದಿಲ್ಲ, ಕೂದಲಿಲ್ಲ. ಮೂಲೇಲಿ ಉಗುರಿನಷ್ಟು ಗಂಜಿ ಗಂಟು. ಕಂಬಳಿ ಬಿಗಿ ನಿಲ್ಲಲಿ ಅಂತ ಹಟ್ಟಿಯೋರು ಹುಣಸೆಬೀಜ ಬೇಯಿಸಿ ಗಂಜಿ ಬಳೀತಾರೆ. ಬೀಗಿತಿ ಸೂಜಿ ಹಾಕೋ ಬಟ್ಟೆ, ಚೆಂದಾಗಿರ್ಲಿ ಅಂತ ನಿಂಗವ್ವ ಆ ವರ್ಷ ಎರಡು ಸಲ ಬಳಿದಿದ್ಲು. ಆ ಗಂಜಿ ಹನಿನೀರೆಲ್ಲಾ ಕುಡಿದು ಭಾರ ಆಗಿತ್ತು, ಅಷ್ಟೇ.

ನಾಯಕ ಮತ್ತೆ ಹೊಲೀರಿ ಅಂತ ಸೂಜಿ ಕೊಡೋಕೆ ಹೋದ. ನಿಂಗವ್ವ ಕೈ ಹಿಂದಕ್ಕೆ ಕಟ್ಕೊಂಡ್ಲು. “ಕೊನೇ ಗಂಟು ನಂದು. ಅದನ್ನ ನಾನಿರೋವಾಗ್ಲೇ ಕತ್ತರಿಸಿದ್ರಲ್ಲ ಬೀಗಿತಿ, ಇನ್ಯಾವ ಮುಖ ಇಟ್ಕೊಂಡು ಹಾಕ್ಲಿ?” ಅಂದು ಇಳಿದು ಹೋದ್ಲು. ಅವಳು ಹಾಕದೆ ಬೇರೆಯೋರು ಹಾಕಂಗಿಲ್ಲ. ಕಂಬದ ಕಡೆ ಒಂದೇ ಅಂಚು ಉಳಿದಿತ್ತು. ಹಂಗೇ ಏರಿಸಿದ್ರು.

ಹತ್ತು ದಿನಕ್ಕೆ ಕೆಂಚವ್ವ ಗಾಡಿ ಕಟ್ಟಿಸಿ ಮಗಳನ್ನ ಕರೆತರೋಕೆ ಕಳಿಸಿದ್ಲು. ಗಾಡಿ ಬರೀದೇ ವಾಪಸ್ ಬಂತು. ಬರಲ್ಲ ಅಂದಿದ್ದು ಅತ್ತೆ ಅಲ್ಲ, ಮಗಳೇ. “ಅವ್ವನಿಗೆ ಹೇಳು, ನಾನು ಬಂದ್ರೆ ಕೂಸು ಸುತ್ತಿದ ಬಟ್ಟೆನೂ ಬಿಚ್ಚಿ ನೋಡ್ತಾಳೆ. ಹೆರಿಗೆ ಇಲ್ಲೇ ಆಗ್ಲಿ” ಅಂತ ಹೇಳಿ ಕಳಿಸಿದ್ಲಂತೆ. ಕೆಂಚವ್ವ ಎರಡು ತಿಂಗಳು ಬಾವಿಕಟ್ಟೆ ಕಡೆ ತಲೆ ಹಾಕ್ಲಿಲ್ಲ. ಗಂಡುಮಗು ಅಂತ ಸುದ್ದಿ ಬಂದ ದಿನ ಒಬ್ಬಳೇ ಹಟ್ಟಿಗೆ ಹೋದ್ಲು. ಬಾಗಿಲಲ್ಲಿ ನಿಂಗವ್ವ ಅಡ್ಡ ನಿಂತಿದ್ಲು. ಕೆಂಚವ್ವ ಹೊಸಲಿನಾಚೆ ನಿಂತು ಸೆರಗು ಬಿಚ್ಚಿ ಕೊಡವಿದ್ಲು, ಮಡಿಲು ಕೊಡವಿದ್ಲು, ಸೊಂಟದ ಎಲೆಅಡಿಕೆ ಚೀಲಾನೂ ತಲೆಕೆಳಗು ಮಾಡಿದ್ಲು. “ಈಗ ನೀವು ನೋಡ್ಕಳಿ ಬೀಗಿತಿ” ಅಂದ್ಲು. ನಿಂಗವ್ವ ಬಗ್ಗಿ ನೆಲಾನ ಚೆನ್ನಾಗೇ ನೋಡಿದ್ಲು. ಆಮೇಲೆ ಪಕ್ಕಕ್ಕೆ ಸರಿದ್ಲು.

ಅವತ್ತಿಂದ ಹೊಸ ಬಾವುಟಾನೂ ಹಂಗೇ ಒಂದೇ ಅಂಚು ಹೊಲಿದು ಏರಿಸೋದು, ಈಗ್ಲೂ ಮಾರ್ನೋಮಿಗೆ ಹೋದೋರಿಗೆ ಕಾಣುತ್ತೆ. ಕೆಂಪು ಬಟ್ಟೆ, ಕರೀ ಕಂಬಳಿ ಒಂದೇ ಅಂಚಿಗೆ ಸಿಕ್ಕಿಕೊಂಡು, ಮಧ್ಯೆ ಗಾಳಿ ನುಗ್ಗಿ ಒಂದಕ್ಕೊಂದು ಪಟಪಟ ಬಡೀತಾ ಇರ್ತಾವೆ. ದಾರದ ಗಂಟೆಲ್ಲಾ ಊರಿಗೇ ಕಾಣುತ್ತೆ. ಗುಡ್ಡದ ಬುಡದಲ್ಲಿ ಹಟ್ಟಿ ಹೆಂಗಸರು ಕಲ್ಲಿನ ಮೇಲೆ ಸಾಲಾಗಿ ಕೂತಿರ್ತಾರೆ. ಕೋಟೆ ಹೆಂಗಸರು ಅವರ ಎದುರಿಗೆ ನಿಂತು ಒಬ್ಬೊಬ್ಬರಾಗಿ ಸೆರಗು ಕೊಡವಿ ಹತ್ತಬೇಕು. ಶಾಸ್ತ್ರ ಅಂತಾರೆ. ಇಷ್ಟು ಕಾಲ ಆಯ್ತು, ಯಾರ ಸೆರಗಿಂದಾನೂ ಏನೂ ಬಿದ್ದಿಲ್ಲ. ಆದ್ರೂ ಹಟ್ಟಿಯೋರು ಮುಖ ನೋಡಲ್ಲ, ನೆಲ ನೋಡ್ತಾರೆ.