ಬೆಲ್ಲದ ವ್ಯಾಪಾರಿಯ ಟರ್ಬೊ ಗಾಡಿ

"ಬುದ್ಧಿ, ಒಂದು ದಿನವೂ ನೇಮ ತಪ್ಪದವನ ಪೂಜೆಯನ್ನು ದೇವರು ಏಕೆ ಒಲ್ಲೆ ಅನ್ನುತ್ತಾನೆ?" ಎಂದು ಚನ್ನವೀರ ಗುರುಗಳನ್ನು ಕೇಳಿದ.

ಚನ್ನವೀರ ಮಠದ ದಾಸೋಹದ ಹೊಣೆ ಹೊತ್ತವನು. ಬೆಳಗಿನಿಂದ ಒಲೆ, ಕೊಪ್ಪರಿಗೆ, ಪಂಕ್ತಿ ಎಂದು ಓಡಾಡಿ, ಪೂಜೆಯ ಗಂಟೆ ಕೇಳಿದ ಕೂಡಲೆ ಕೈ ತೊಳೆದು ಓಡಿಬಂದು ಕಣ್ಣು ಮುಚ್ಚಿ ಕೂರುತ್ತಿದ್ದ. ಈಚೆಗೆ ಕಣ್ಣು ಮುಚ್ಚಿದರೆ ಸಾಕು, ಒಳಗೆಲ್ಲ ಉರಿ. ಹಿಂದಿನ ದಿನ ಪೂಜೆಯಿಂದ ಎದ್ದವನೇ, ಎರಡನೆಯ ಸಲ ಅನ್ನ ಕೇಳಿದ ಮುದುಕಿಯೊಬ್ಬಳ ಮೇಲೆ ರೇಗಿ ಅವಳನ್ನು ಎಲೆಯ ಮುಂದಿನಿಂದ ಎಬ್ಬಿಸಿದ್ದ. ಅವಳು ಅರ್ಧ ಊಟಕ್ಕೇ ಎದ್ದು ಹೋಗಿದ್ದಳು. ಅದು ಅವನನ್ನು ಕೊರೆಯುತ್ತಿತ್ತು. ದಾಸೋಹವನ್ನೋ ಪೂಜೆಯನ್ನೋ, ಎರಡರಲ್ಲಿ ಒಂದನ್ನು ಬಿಟ್ಟುಬಿಡುವುದೆಂದು ಗಟ್ಟಿ ಮಾಡಿಕೊಂಡು ಬಂದಿದ್ದ.

ಗುರುಗಳು ಬಿಡು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಕತೆ ಹೇಳಿದರು.

ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನ ಒಬ್ಬಳೇ ಮಗಳು ಕಾಯಿಲೆ ಬಿದ್ದಳು. ವೈದ್ಯರು ಕೈ ಚೆಲ್ಲಿದಾಗ ಅವನು ಬೆಟ್ಟದ ಮೇಲಿನ ದೇವರಿಗೆ ಹರಕೆ ಹೊತ್ತ. ಮಗಳು ಎದ್ದು ಓಡಾಡಿದರೆ ತಾನು ಬದುಕಿರುವವರೆಗೆ ಪ್ರತಿ ಸೋಮವಾರ ಮಹಾಮಂಗಳಾರತಿಯ ಹೊತ್ತಿಗೆ ಬೆಲ್ಲ ಒಪ್ಪಿಸುತ್ತೇನೆ ಎಂದ. ಮಗಳು ಎದ್ದಳು. ಓಡಾಡಿದ್ದಷ್ಟೇ ಅಲ್ಲ, ಅಪ್ಪನಿಗೆ ಎದುರುತ್ತರ ಕೊಡುವಷ್ಟು ಗಟ್ಟಿಯಾದಳು.

ಬೆಟ್ಟದ ದಾರಿ ಬಲು ಕಡಿದು. ಅಂಗಡಿಯಲ್ಲೋ ಸೋಮವಾರವೇ ಗಿರಾಕಿಗಳ ಕಾಟ. ಎಷ್ಟು ಮುಂಚೆ ಹೊರಡಬೇಕೆಂದುಕೊಂಡರೂ ಹೊರಡುವಾಗ ಹೊತ್ತು ಮೀರಿರುತ್ತಿತ್ತು. ಹಾಗಾಗಿ ಅವನೊಂದು ಪೆಟ್ರೋಲ್ ಗಾಡಿ ಕೊಂಡ. ನೋಡಲು ಗಿಡ್ಡ, ಡಿಕ್ಕಿಯಲ್ಲಿ ನಾಲ್ಕು ಬೆಲ್ಲದ ಪಿಂಡಿ ಇಡಲೂ ಜಾಗವಿಲ್ಲ, ಆದರೆ ಇಂಜಿನ್ನಿಗೆ ಟರ್ಬೊ ಇತ್ತು. ಟರ್ಬೊ ಎಂದರೆ ಇಂಜಿನ್ ಹೊರಗೆ ಬಿಡುವ ಬಿಸಿ ಹೊಗೆಯ ರಭಸಕ್ಕೇ ತಿರುಗುವ ಒಂದು ಸಣ್ಣ ಚಕ್ರ. ಅದು ತಿರುಗಿದಷ್ಟೂ ಇಂಜಿನ್ನಿಗೆ ಗಾಳಿ ತುಂಬುತ್ತದೆ, ಗಾಡಿ ಏರನ್ನು ಏರೆಂದೇ ಲೆಕ್ಕಿಸುವುದಿಲ್ಲ.

ವ್ಯಾಪಾರಿ ಗಾಡಿಯನ್ನು ಮಗಳಷ್ಟೇ ಜೋಪಾನ ಮಾಡಿದ. ಒಂದು ಸರ್ವಿಸ್ ತಪ್ಪಿಸಲಿಲ್ಲ. ಹೇಳಿದ ಆಯಿಲನ್ನೇ ಹಾಕಿಸಿದ, ಅದೂ ಹೇಳಿದ್ದಕ್ಕಿಂತ ಮುಂಚೆ. ನೆಂಟರು ಕೇಳಿದರೂ ಕೀಲಿ ಕೊಡಲಿಲ್ಲ, ಅದಕ್ಕಾಗಿ ಬೈಸಿಕೊಂಡ. ಆಯುಧಪೂಜೆಗೆ ಅವನ ಗಾಡಿಗೆ ಕಟ್ಟಿದಷ್ಟು ಹೂವನ್ನು ಮದುವೆಯ ಗಂಡಿಗೂ ಕಟ್ಟುತ್ತಿರಲಿಲ್ಲ.

ಆದರೂ ಒಂದು ಸೋಮವಾರ ನಡು ಏರಿನಲ್ಲಿ ಗಾಡಿ ಸೀಟಿ ಹಾಕಿತು, ನೀಲಿ ಹೊಗೆ ಉಗುಳಿತು, ಎಳೆಯುವುದನ್ನು ಬಿಟ್ಟಿತು. ಟರ್ಬೊ ಹೋಗಿದೆ ಎಂದರು. ಹೊಸದು ಹಾಕಿಸಿದ. ಕೆಲಕಾಲಕ್ಕೆ ಅದೂ ಹೋಯಿತು, ಅದೂ ಸೋಮವಾರವೇ, ಅದೂ ಬೆಟ್ಟದ ದಾರಿಯಲ್ಲೇ. ಪಕ್ಕದ ಅಂಗಡಿಯವರು ಈ ಜಾತಿಯ ಇಂಜಿನ್ನೇ ಹೀಗೆ, ಓಟ ಉಂಟು ಬಾಳಿಕೆ ಇಲ್ಲ ಎಂದರು. ಇನ್ನೊಬ್ಬ, ದೇವರಿಗೆ ನಿನ್ನ ಬೆಲ್ಲ ಹಿಡಿಸಿಲ್ಲ ಕಣಯ್ಯ ಎಂದು ತಮಾಷೆ ಮಾಡಿದ.

ಆ ತಮಾಷೆ ವ್ಯಾಪಾರಿಯ ಎದೆಗೆ ನಾಟಿತು. ದೇವರು ಹರಕೆಯನ್ನು ಬೇಡವೆಂದರೆ, ಹರಕೆಗೆ ಒಲಿದು ತಾನು ಕೊಟ್ಟದ್ದನ್ನೂ ವಾಪಸು ಕೇಳುತ್ತಾನೆಯೆ? ಅಂದಿನಿಂದ ಮಗಳು ಕೆಮ್ಮಿದರೆ ಅವನಿಗೆ ಜೀವ ಹಾರುತ್ತಿತ್ತು. ಅವಳು ಬಿಸಿಲಿಗೆ ಬಾಡಿ ಬಂದರೂ ಹಣೆ ಮುಟ್ಟಿ ನೋಡುತ್ತಿದ್ದ.

ಆಮೇಲೆ ಹಾಕಿಸಿದ ಮೂರನೆಯ ಟರ್ಬೊ ಕೂಡ ಸೀಟಿ ಹಾಕಲು ತೊಡಗಿದಾಗ ಅವನು ನೇರವಾಗಿ ಮೆಕ್ಯಾನಿಕ್ಕನ ಬಳಿಗೆ ಹೋದ. ಮೆಕ್ಯಾನಿಕ್ ಬಿಚ್ಚಿ ನೋಡಿದ. ಎಣ್ಣೆ ಹರಿಯುವ ಸಂದಿಯಲ್ಲಿ ಎಣ್ಣೆಯೇ ಸುಟ್ಟು ಕರಕಲಾಗಿ ಕೂತಿತ್ತು. ಅದೇ ತಿಂಗಳು ತಾನೇ ಕೈಯಾರೆ ತುಂಬಿದ ಒಳ್ಳೆಯ ಎಣ್ಣೆ. ಮೊದಲು ಪೆಟ್ರೋಲನ್ನು ಬೈದ, ಆಮೇಲೆ ಏರ್ ಫಿಲ್ಟರನ್ನು ಬೈದ, ಆಮೇಲೆ ತಲೆ ಕೆರೆದುಕೊಂಡ. ಕೊನೆಗೆ, ತಿಕ್ಕಿ ತೊಳೆದು ಮತ್ತೆ ಕೂರಿಸಿ, ಸೋಮವಾರ ನಾನೂ ಜತೆಗೆ ಬರುತ್ತೇನೆ ಎಂದ.

ಸೋಮವಾರ ಎಂದಿನಂತೆ ಹೊತ್ತಾಗಿತ್ತು. ವ್ಯಾಪಾರಿ ಒತ್ತಿದ ಕಾಲು ಎತ್ತಲಿಲ್ಲ. ತಿರುವು ತಿರುವಿಗೂ ಮೆಕ್ಯಾನಿಕ್ ದೇವರನ್ನು ನೆನೆದ. ಮಹಾದ್ವಾರ ಮುಟ್ಟುವ ಹೊತ್ತಿಗೆ ಒಳಗೆ ನಗಾರಿ ಶುರುವಾಗಿತ್ತು. ಗಾಡಿ ನಿಂತಿತೋ ಇಲ್ಲವೋ, ವ್ಯಾಪಾರಿ ಕೀಲಿ ತಿರುಗಿಸಿ ಇಂಜಿನ್ ಆರಿಸಿ, ಅದೇ ಕೈಯನ್ನು ಜೋಡಿಸಿ ಮುಗಿದ. ನೋಡಿ ಮೆಕ್ಯಾನಿಕ್ಕೂ ಮುಗಿದ. ಮುಗಿದ ಕೈ ಅಲ್ಲೇ ನಿಂತಿತು.

"ಯಜಮಾನ್ರೇ, ಯಾವಾಗ್ಲೂ ಹಿಂಗೇ ಬಂದೇಟ್ಗೇ ಆಫ್ ಮಾಡ್ತೀರಾ?"

"ಮತ್ತೆ? ದೇವ್ರ ಬಾಗ್ಲಲ್ಲಿ ಇಂಜಿನ್ ಗುರ್ ಅನ್ನಿಸ್ಕಂಡು ಕೂರದು ಮರ್ವಾದೇನಾ?"

"ಅಯ್ಯೋ ಸ್ವಾಮಿ! ಬೆಟ್ಟ ಹತ್ತಿ ಆ ಚಕ್ರ ಕೆಂಡ ಆಗಿರ್ತದೆ. ಅದನ್ನ ತಣ್ಣಗೆ ಮಾಡೋದೇ ಒಳಗಡೆ ಹರಿಯೋ ಎಣ್ಣೆ. ನೀವು ಆಫ್ ಮಾಡಿದ್ರೆ ಎಣ್ಣೆ ಹರಿಯೋದು ನಿಂತೋಯ್ತದೆ, ನಿಂತಿದ್ದು ಅಲ್ಲೇ ಸೀದೋಯ್ತದೆ. ನೀವು ಓಡ್ಸಿ ಕೆಡ್ಸಿಲ್ಲ, ನಿಲ್ಸಿ ಕೆಡ್ಸಿದೀರ. ಒಂದ್ ಎಲೆ ಅಡ್ಕೆ ಹಾಕೋ ಹೊತ್ತು ಹಂಗೇ ಆಡ್ತಿರ್ಲಿ, ಆಮೇಲೆ ಆಫ್ ಮಾಡಿ."

ವ್ಯಾಪಾರಿ ಸ್ಟೀರಿಂಗ್ ಹಿಡಿದು ಹಾಗೇ ಕೂತ. ಅವನಿಗೆ ನಾಚಿಕೆಯಾಯಿತು. ಅದಕ್ಕಿಂತ ನೂರು ಪಾಲು ಸಂತೋಷವಾಯಿತು. ದೇವರು ಏನನ್ನೂ ಬೇಡವೆಂದಿರಲಿಲ್ಲ. ಮಗಳು ಮನೆಯಲ್ಲಿ ಚೆನ್ನಾಗಿದ್ದಳು. ಕೆಟ್ಟದ್ದು ಒಂದು ಚಕ್ರ, ಅದೂ ಅವನ ಭಕ್ತಿಯಿಂದಲೇ. ನಗುತ್ತ ಕಣ್ಣೊರೆಸಿಕೊಂಡ.

ಮುಂದಿನ ಸೋಮವಾರ ಮಹಾದ್ವಾರದಲ್ಲಿ ಇಂಜಿನ್ ಆರಿಸದೆ ಕೂತ. ಒಳಗೆ ನಗಾರಿ ಹೊಡೆಯುತ್ತಿತ್ತು. ಹೂ ಮಾರುವವಳು, ಏನಯ್ಯ ನಿಂದು ಗಲಾಟೆ ಎಂದು ಬೈದಳು. ಕಾಲು ಒಳಗೆ ಓಡಲು ತವಕಿಸುತ್ತಿತ್ತು, ಹಲ್ಲು ಕಚ್ಚಿ ಕೂತ. ಇಂಜಿನ್ನಿನ ಬಿಸಿ ಇಳಿಯಿತು. ಹಾಗೇ ಅವನ ಏದುಸಿರೂ ಇಳಿಯಿತು. ಕೀಲಿ ತಿರುಗಿಸಿ ಒಳಗೆ ಹೋದಾಗ ಮಂಗಳಾರತಿ ಇನ್ನೂ ನಡೆಯುತ್ತಿತ್ತು. ದೇವರ ಮುಖವನ್ನು ಅವನು ನಿಂತು ನೋಡಿದ್ದು ಅಂದೇ. ಅಷ್ಟು ದಿನ ದೀಪಕ್ಕೆ ಕೈ ಚಾಚಿ, ಕಣ್ಣಿಗೊತ್ತಿಕೊಂಡು, ಅಂಗಡಿಯ ನೆನಪಾಗಿ ಇಳಿದುಬಿಡುತ್ತಿದ್ದ.

ಆ ಗಾಡಿ ಮತ್ತೆ ಬೆಟ್ಟದ ದಾರಿಯಲ್ಲಿ ನಿಲ್ಲಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರನಿಗೆ ಅರ್ಥವಾಗದೆ ಇರಲಿಲ್ಲ. ದಾಸೋಹವನ್ನೂ ಬಿಡಬೇಕಿಲ್ಲ, ಪೂಜೆಯನ್ನೂ ಬಿಡಬೇಕಿಲ್ಲ ಎಂಬುದು ತಿಳಿಯಿತು. ಆದರೂ ಅವನ ನೇಮ ಸುಮ್ಮನಿರಲಿಲ್ಲ.

"ಆದರೆ ಬುದ್ಧಿ, ಗಂಟೆ ಬಾರಿಸಿದ ಮೇಲೂ ನಾನು ಹೊರಗೆ ಸುಮ್ಮನೆ ಕೂತಿದ್ದರೆ ದೇವರ ಹೊತ್ತು ಮೀರುವುದಿಲ್ಲವೆ?"

ಗುರುಗಳು ಅವನ ಕಡೆ ನೋಡಿದರು.

"ದೇವರು ಕಾಯುತ್ತಾನೆ ಎಂದು ಉಣ್ಣಲು ಬಂದವರಿಗೆಲ್ಲ ನೀನೇ ಹೇಳುತ್ತೀಯಲ್ಲ ಚನ್ನವೀರ, ನಾಳೆ ಒಂದು ಗಳಿಗೆ ಕಾಯಿಸಿ ನೋಡು."